ಪರದೆ ಮೇಲೆ ನೆರಳನ್ನೇ ಬರೆದರೆ ಜಾತ್ರೆ ನಾಟಕಕ್ಕೆ ನಡೆಯುತ್ತಾ?

ಹಾನಗಲ್ ಲೈಟ್‌ಮನ್:

ಎಲ್ಲರಿಗೂ ನಮಸ್ಕಾರ. ನಮ್ಮದು ಹಾನಗಲ್ ತಾಲೂಕಿನ ಒಂದು ಹಳ್ಳಿ. ಜಾತ್ರೆಗೆ ಪ್ರತಿ ವರ್ಷ ನಾಟಕ ಆಡುತ್ತೇವೆ. ನನ್ನ ಕೆಲಸ ಲೈಟು. ಪಾತ್ರ ಕೇಳಿದರೆ ಯಾರೂ ಕೊಡುವುದಿಲ್ಲ, ಅದು ಬೇರೆ ಮಾತು.

ಹೋದ ವಾರ ನಿದ್ದೆ ಬಾರದೆ ಯೂಟ್ಯೂಬ್ ತಿರುವುತ್ತಿದ್ದಾಗ 1920ರ ಒಂದು ಜರ್ಮನ್ ಮೂಕಿ ಚಿತ್ರ ಸಿಕ್ಕಿತು, 'ಡಾಕ್ಟರ್ ಕ್ಯಾಲಿಗರಿ'. ಮನೆಗಳೆಲ್ಲ ಸೊಟ್ಟ, ಕಿಟಕಿ ಮೂರು ಮೂಲೆ, ಓಣಿ ನೋಡಿದರೆ ಕುಡುಗೋಲಿನ ಹಾಗೆ. ಸ್ವಲ್ಪ ಹೊತ್ತು ನೋಡಿದ ಮೇಲೆ ಹೊಳೆಯಿತು, ಗೋಡೆ ಮೇಲಿನ ನೆರಳು ಲೈಟಿನಿಂದ ಬಿದ್ದದ್ದೇ ಅಲ್ಲ, ಬ್ರಷ್ ಹಿಡಿದು ಬರೆದದ್ದು! ಬೆಳಕಿನ ಪಟ್ಟೆಗಳೂ ಹಾಗೆಯೇ. ಎದ್ದು ಕೂತೆ. ಮಜಾ ಅಂದರೆ ಕಥೆ ಶುರುವಾಗುವುದೂ ಒಂದು ಜಾತ್ರೆಯಲ್ಲೇ. ಮುದುಕನೊಬ್ಬ ಪೆಟ್ಟಿಗೆಯಲ್ಲಿ ಮಲಗಿದ ಮನುಷ್ಯನನ್ನು ತಂದು, ಬನ್ನಿ ನೋಡಿ, ಇವನು ಭವಿಷ್ಯ ಹೇಳುತ್ತಾನೆ ಅಂತ ಡೇರೆ ಹಾಕಿ ಕೂಗುತ್ತಾನೆ.

ನಮ್ಮ ಈ ಸಲದ ನಾಟಕದಲ್ಲಿ ಮೂರನೇ ಅಂಕಕ್ಕೆ ಸಾವ್ಕಾರನಿಗೆ ಕೆಟ್ಟ ಕನಸು ಬೀಳುವ ದೃಶ್ಯ ಇದೆ. ಸಾಲ ಕೊಟ್ಟು ಯಾರ ಯಾರ ಮನೆ ಮುರಿದನೋ ಅವರೆಲ್ಲ ಬರುತ್ತಾರೆ. ಬಾಡಿಗೆ ಸೀನ್ಸ್‌ನಲ್ಲಿ ಸಿಗುವುದು ಅದೇ ಅರಮನೆ ಪರದೆ, ಬೀದಿ ಪರದೆ, ಕಾಡಿನ ಪರದೆ. ಇದಕ್ಕೆ ಒಂದು ಸೊಟ್ಟ ಓಣಿಯ ಪರದೆ ಬರೆಸಿ ನೆರಳನ್ನೂ ಅದರಲ್ಲೇ ಬರೆಸಿದರೆ ಹೇಗೆ? ನಮ್ಮ ಹಿರಿಯರು "ಮಂದಿ ನಗತಾರ ತಮ್ಮಾ" ಅಂತಾರೆ. ಹೋದ ವರ್ಷ ಬಾಡಿಗೆಗೆ ತಂದ ಎಲ್‌ಇಡಿ ಲೈಟು ಡೋಲಕ್ ಸದ್ದಿಗೆ ತಾನೇ ಬಣ್ಣ ಬದಲಿಸುತ್ತಿತ್ತು. ತಾಯಿ ಸಾಯುವ ದೃಶ್ಯದಲ್ಲಿ ಒಮ್ಮೆ ನೇರಳೆ, ಒಮ್ಮೆ ಹಸಿರು. ಆಗ ಮಂದಿ ನಕ್ಕೇ ನಕ್ಕರು, ಅದಕ್ಕಿಂತ ಜಾಸ್ತಿ ಏನು ನಗುತ್ತಾರೆ?

ಇನ್ನೊಂದು ಕುತೂಹಲ. ಇದನ್ನೆಲ್ಲ ಅವರು ದುಡ್ಡಿಲ್ಲದ್ದಕ್ಕೆ ಮಾಡಿದರೋ, ಬೇಕು ಅಂತಲೇ ಮಾಡಿದರೋ?

ಬೆಟಗೇರಿ ಬಣ್ಣದ ಡಬ್ಬಿ:

ನಡೆಯುತ್ತದೆ. ಆದರೆ ಸಿನಿಮಾಕ್ಕೆ ನಡೆದ ಹಾಗೆ ನಡೆಯುವುದಿಲ್ಲ. ನಮ್ಮಪ್ಪ ಪರದೆ ಬರೆಯುತ್ತಿದ್ದರು, ನಾನು ಈಗ ಜಾಸ್ತಿ ಬೋರ್ಡು ಬರೆಯುತ್ತೇನೆ, ಅಪರೂಪಕ್ಕೆ ಪರದೆ.

ಮೊದಲನೆಯದು, ಸಿನಿಮಾದಲ್ಲಿ ಕ್ಯಾಮೆರಾ ಒಂದೇ ಕಡೆ ನಿಂತು ನೋಡುತ್ತದೆ. ಜಾತ್ರೆಯಲ್ಲಿ ಮಂದಿ ಮೂರೂ ಕಡೆ ಕೂತಿರುತ್ತಾರೆ, ಕೆಲವರು ಟ್ರ್ಯಾಕ್ಟರ್ ಟ್ರೇಲರ್ ಮೇಲೆ. ಓಣಿ ದೂರಕ್ಕೆ ಹೋದ ಹಾಗೆ ನೀನು ಎಷ್ಟು ಚಂದ ಬರೆಸಿದರೂ ಬದಿಯಲ್ಲಿ ಕೂತವನಿಗೆ ಅದು ಚಪ್ಪಟೆ ಬಟ್ಟೆ. ಹಂಗಾಗಿ ದೂರ ತೋರಿಸಲು ಹೋಗಬೇಡ. ಗೋಡೆ, ಬಾಗಿಲು, ಕಿಟಕಿ ಸೊಟ್ಟ ಮಾಡಿಸು ಸಾಕು.

ಎರಡನೆಯದು ನಿನ್ನ ಲೈಟಿನ ಕಥೆ. ನೆರಳು ಅಂದರೆ ಬರೀ ಕಪ್ಪಲ್ಲ, ಗೋಡೆ ಬಣ್ಣಕ್ಕೇ ಒಂಚೂರು ನೀಲಿ, ಒಂಚೂರು ಕಂದು ಸೇರಿಸಿ ಬರೆಯುತ್ತೇವೆ. ಅದರ ಮೇಲೆ ನೀನು ನೀಲಿ ಲೈಟು ಬಿಟ್ಟರೆ ನೆರಳೇ ಮಾಯ. ಆ ದೃಶ್ಯಕ್ಕೆ ಮಾತ್ರ ಹಳೇ ಹಳದಿ ಹ್ಯಾಲೋಜನ್ ಎರಡು ತರಿಸು. ಎದುರಿನಿಂದ ಹಾಕಬೇಡ. ಎದುರಿನಿಂದ ಹಾಕಿದರೆ ಸಾವ್ಕಾರನ ನಿಜವಾದ ನೆರಳು ಪರದೆ ಮೇಲೆ ಬಿದ್ದು ನಾನು ಬರೆದ ನೆರಳಿನ ಜೊತೆ ಜಗಳ ಆಡುತ್ತದೆ. ಪಕ್ಕದ ವಿಂಗ್‌ನಿಂದ ಹಾಕು. ಪಾತ್ರದವರು ಪರದೆಯಿಂದ ನಾಲ್ಕೈದು ಅಡಿ ಮುಂದೆ ಇರಲಿ.

ಮೂರನೆಯದು ಯಾರೂ ಯೋಚನೆ ಮಾಡದ್ದು. ಆ ಸಿನಿಮಾ ನಾನೂ ನೋಡಿದ್ದೇನೆ. ಡಾಕ್ಟರ್ ಪಾತ್ರದ ವರ್ನರ್ ಕ್ರೌಸ್, ಪೆಟ್ಟಿಗೆಯಲ್ಲಿ ಮಲಗುವ ಕಾನ್ರಾಡ್ ಫೈಟ್, ಇಬ್ಬರೂ ಪರದೆ ಹೇಗೆ ಸೊಟ್ಟವೋ ಹಾಗೇ ಸೊಟ್ಟ ನಡೆಯುತ್ತಾರೆ, ಫೈಟ್ ಅಂತೂ ಗೋಡೆಗೆ ಒರಗಿ ಹರಿಯುವ ಹಾಗೆ ಹೋಗುತ್ತಾನೆ. ಉಳಿದವರು ಸಾದಾ ನಡೆಯುತ್ತಾರೆ, ಅವರೇ ಅಲ್ಲಿ ಅಪರಿಚಿತರ ಹಾಗೆ ಕಾಣುತ್ತಾರೆ. ನಿಮ್ಮ ಸಾವ್ಕಾರ ಸೆಟೆದು ನಿಂತು ಮೈಕಿನ ಕೆಳಗೇ ಡೈಲಾಗ್ ಹೊಡೆದರೆ ನನ್ನ ಪರದೆ ದಂಡ. ಮಾಸ್ತರರಿಗೆ ಹೇಳಿ ಅಷ್ಟು ತಾಲೀಮು ಮಾಡಿಸು.

ಅಂದ ಹಾಗೆ ಆ ಸೆಟ್ ಬರೆದವರು ಮೂವರು, ವಾರ್ಮ್, ರೈಮನ್, ರೋರಿಗ್. ಹೆಸರು ನೆನಪಿಟ್ಟುಕೊಂಡಿದ್ದೇನೆ, ಪರದೆ ಬರೆದವರ ಹೆಸರು ಯಾರೂ ಹೇಳುವುದಿಲ್ಲ ನೋಡು.

ಮಾಳಮಡ್ಡಿ ನಿವೃತ್ತ:

ಬಡತನವೋ ಬೇಕು ಅಂತಲೋ ಎಂಬ ಪ್ರಶ್ನೆಗೆ ಉತ್ತರ ಎರಡೂ ಹೌದು. ಕಲಾವಿದರಿಗೆ ಅದು ಹೊಸ ಕಲೆ, ನಿರ್ಮಾಪಕ ಎರಿಕ್ ಪೊಮ್ಮರ್‌ಗೆ ಬಣ್ಣದ ಬಟ್ಟೆ ಅಂದರೆ ಉಳಿತಾಯ. ಯುದ್ಧ ಸೋತ ದೇಶ. ಹಣದ ಬೆಲೆ ಬೀಳುತ್ತಾ ಹೋಗಿ 1923ರ ನವೆಂಬರಿನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್, ಸಂತೆಗೆ ಚೀಲದಲ್ಲಿ ದುಡ್ಡು ಒಯ್ಯುವ ಕಾಲ. ಆದರೆ ಇದರಲ್ಲೇ ಸಿನಿಮಾದವರಿಗೆ ಒಂದು ಲಾಭ ಇತ್ತು. ಚಿತ್ರ ತಯಾರಿಸುವುದು ಸತ್ವ ಕಳೆದುಕೊಂಡ ಮಾರ್ಕಿನಲ್ಲಿ, ಮಾರುವುದು ಹೊರದೇಶದ ಗಟ್ಟಿ ಹಣಕ್ಕೆ. ಮಾರ್ಕ್ ಸುಧಾರಿಸಿದ ಮೇಲೆ ಆ ಲಾಭ ಹೋಯಿತು, ಹಾಲಿವುಡ್ ನುಗ್ಗಿತು. ಯೂಫಾ ಎಂಬ ದೊಡ್ಡ ಕಂಪನಿ ಸಾಲಕ್ಕೆ ಬಿದ್ದು ಅದರ ಮೇಲೆ 'ಮೆಟ್ರೊಪೊಲಿಸ್' ಎಂಬ ಚಿತ್ರಕ್ಕೆ ಸುಮಾರು 50 ಲಕ್ಷ ಮಾರ್ಕ್ ಸುರಿಯಿತು. 1927ರಲ್ಲಿ ಬಿಡುಗಡೆ, ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ. ಅದೇ ವರ್ಷ ಕಂಪನಿ ಹುಗೆನ್‌ಬರ್ಗ್ ಎಂಬ ಬಲಪಂಥದ ಪತ್ರಿಕಾ ಧಣಿಯ ಕೈಗೆ ಹೋಯಿತು. ಚಾನೆಲ್‌ಗಳನ್ನು ಯಾರು ಕೊಳ್ಳುತ್ತಾರೆ ಅಂತ ನಾವು ಈಗ ಮಾತಾಡುತ್ತೇವಲ್ಲ, ಆಗಲೂ ಅದೇ ಮಾತು ಇತ್ತು.

ಈಗಿನ ಮನರಂಜನೆಗೆ ಇದೆಲ್ಲ ಹೇಗೆ ಬಂತು ಅಂದರೆ ಎಲ್ಲರೂ ದೆವ್ವದ ಸಿನಿಮಾ ಅಂತಾರೆ. 1922ರ 'ನೊಸ್ಫೆರಾಟು'ದಲ್ಲಿ ಮೆಟ್ಟಿಲ ಪಕ್ಕದ ಗೋಡೆ ಮೇಲೆ ಉದ್ದ ಬೆರಳಿನ ನೆರಳು ಹತ್ತುತ್ತದೆ, ಅದನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಸರಿ. ನನಗೆ ಅದಕ್ಕಿಂತ ಮಜಾ ಅನಿಸುವುದು ಕಾರ್ಲ್ ಫ್ರಾಯಂಡ್ ಎಂಬ ಕ್ಯಾಮೆರಾಮನ್ ಕಥೆ. 1924ರಲ್ಲಿ ಮುರ್ನಾವ್ ಎಂಬ ನಿರ್ದೇಶಕನ ಚಿತ್ರಕ್ಕೆ ಕ್ಯಾಮೆರಾವನ್ನು ಎದೆಗೇ ಕಟ್ಟಿಕೊಂಡು ನಡೆದವನು, ಮೆಟ್ರೊಪೊಲಿಸ್‌ಗೂ ಕ್ಯಾಮೆರಾ ಹಿಡಿದವನು. ಕತ್ತಲು ಬೆಳಕಿನಲ್ಲಿ ಪಳಗಿದ ಕೈ. ಅಮೆರಿಕಕ್ಕೆ ಹೋದ. 1951ರಲ್ಲಿ 'ಐ ಲವ್ ಲೂಸಿ' ಎಂಬ ಟಿವಿ ಹಾಸ್ಯ ಧಾರಾವಾಹಿ ಶುರುವಾದಾಗ ಇವನನ್ನೇ ಕರೆದರು. ಪ್ರೇಕ್ಷಕರ ಮುಂದೆ ನಾಟಕದ ಹಾಗೆ ಆಡಬೇಕು, ಮೂರು ಕ್ಯಾಮೆರಾ ಒಟ್ಟಿಗೆ ಓಡಬೇಕು, ಮಧ್ಯೆ ಲೈಟು ಬದಲಿಸಲು ನಿಲ್ಲಿಸುವ ಹಾಗಿಲ್ಲ. ಅದಕ್ಕೆ ಇವನು ಮೇಲಿನಿಂದ ಎಲ್ಲ ಕಡೆ ಒಂದೇ ಸಮ ಬೆಳಕು ಬೀಳುವ ಹಾಗೆ ಮಾಡಿದ. ಈಗ ನಮ್ಮ ಧಾರಾವಾಹಿಗಳಲ್ಲಿ ಸೊಸೆ ನಡುರಾತ್ರಿ ಎದ್ದು ಅಡುಗೆಮನೆಗೆ ಹೋದರೂ ಕಲ್ಯಾಣ ಮಂಟಪದ ಬೆಳಕು ಇರುತ್ತದಲ್ಲ, ಅದರ ಮೂಲ ಹುಡುಕಿದರೆ ಈ ಮನುಷ್ಯ ಸಿಗುತ್ತಾನೆ. ಬರ್ಲಿನ್ನಿನಲ್ಲಿ ನೆರಳು ಬೆಳೆಸಿದವನೇ ಅಮೆರಿಕದಲ್ಲಿ ಅದನ್ನು ಗುಡಿಸಿ ಹಾಕಿದ.

ನಮ್ಮ ದೇಶಕ್ಕೂ ನೇರ ದಾರಿ ಇದೆ. ಹಿಮಾಂಶು ರಾಯ್ ಮ್ಯೂನಿಕ್ ಸ್ಟುಡಿಯೋದವರ ಜೊತೆ ಸೇರಿ 1925ರಲ್ಲಿ ಬುದ್ಧನ ಚಿತ್ರ ಮಾಡಿದರು. ಆಗ ನಿರ್ದೇಶಕ ಫ್ರಾಂಜ್ ಓಸ್ಟೆನ್ ಜೊತೆ ಜೋಸೆಫ್ ವಿರ್ಶಿಂಗ್ ಎಂಬ ಕ್ಯಾಮೆರಾಮನ್ ಬಂದ. 1934ರಲ್ಲಿ ಬಾಂಬೆ ಟಾಕೀಸ್ ಎಂಬ ಸ್ಟುಡಿಯೋ ಶುರುವಾದ ಮೇಲೆ ಇಬ್ಬರೂ ಇಲ್ಲೇ ದುಡಿದರು. ಎರಡನೇ ಯುದ್ಧದಲ್ಲಿ ಜರ್ಮನ್ ಅಂತ ವಿರ್ಶಿಂಗ್‌ನನ್ನು ಬ್ರಿಟಿಷರು ಬಂಧಿಸಿಟ್ಟರು. ಬಿಡುಗಡೆ ಆಗಿ ಬಂದು 1949ರ 'ಮಹಲ್' ಚಿತ್ರಕ್ಕೆ ಕ್ಯಾಮೆರಾ ಹಿಡಿದ. ಹಾಳು ಬಂಗಲೆ, ದೀಪ ಹಿಡಿದ ಹೆಂಗಸು, ದೂರದಿಂದ ಹಾಡು. ಆಮೇಲೆ ಎಷ್ಟು ಭಾಷೆಯಲ್ಲಿ ಎಷ್ಟು ಸಲ ಆ ಹೆಂಗಸು ದೀಪ ಹಿಡಿದು ನಡೆದಳೋ ಲೆಕ್ಕ ಇಲ್ಲ, ಕನ್ನಡವೂ ಸೇರಿ.

ಮತ್ತೆ ಆ ಪೆಟ್ಟಿಗೆಯ ಕಾನ್ರಾಡ್ ಫೈಟ್. 1933ರಲ್ಲಿ ಹಿಟ್ಲರ್ ಬಂದ ಮೇಲೆ ಯಹೂದಿ ಹೆಂಡತಿಯ ಜೊತೆ ದೇಶ ಬಿಟ್ಟ. ಹಾಲಿವುಡ್‌ನಲ್ಲಿ ಅವನಿಗೆ ಕೊಟ್ಟ ಪಾತ್ರ ಯಾವುದು ಗೊತ್ತಾ? 'ಕಾಸಾಬ್ಲಾಂಕಾ'ದ ನಾಜಿ ಮೇಜರ್.

ದೊಡ್ಡಾಟದ ಮೊಮ್ಮಗ:

ಸರ್, ತಿಳಿದುಕೊಂಡದ್ದು ಚೆನ್ನಾಗಿದೆ, ಆದರೆ ನಮ್ಮವರಿಗೆ ಎಲ್ಲದಕ್ಕೂ ಒಂದು ಜರ್ಮನಿ ಬೇಕೇ? ಬ್ರೆಕ್ಟ್ ಎಂಬ ಜರ್ಮನ್ ನಾಟಕಕಾರನ ನಾಟಕ ಅಂತ ಧಾರವಾಡದಲ್ಲಿ ಒಮ್ಮೆ ನೋಡಿದೆ. ಪಾತ್ರಧಾರಿ ಜನರ ಕಡೆ ತಿರುಗಿ ನಾನು ಇಂಥವನು ಅಂತ ಹೇಳಿಕೊಂಡ, ಪಕ್ಕದಲ್ಲಿ ಕೂತವರು ಎಂಥ ಆಧುನಿಕ ಅಂತ ಕಣ್ಣರಳಿಸಿದರು. ನಮ್ಮ ದೊಡ್ಡಾಟದಲ್ಲಿ ಸಾರಥಿ ಬಂದು ತಾವು ಯಾರು, ಯಾವ ಊರು ಅಂತ ಪಾತ್ರವನ್ನೇ ಕೇಳುತ್ತಾನೆ. ಅರ್ಧ ಪರದೆ ಹಿಡಿದು ಕಿರೀಟ ಮಾತ್ರ ತೋರಿಸುವುದು ನಮ್ಮ ಕಡೆ ಯಾವ ಕಾಲದ್ದು! ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಭಾಗವತ ಮತ್ತು ದೂತಿ ಕಥೆ ನಿಲ್ಲಿಸಿ ಊರ ಗೌಡನ ಬಗ್ಗೆಯೂ ಒಂದು ಚಟಾಕಿ ಹಾರಿಸಿ ಮತ್ತೆ ಕಥೆಗೆ ಬರುತ್ತಾರೆ. ಲೈಟ್‌ಮನ್ ಅಣ್ಣಾ, ಸುಮ್ನೆ ಒಂದು ಪಂಜು ಹಿಡಿಸು. ನೆರಳು ತಾನೇ ಕುಣಿಯುತ್ತದೆ.

ಪೇಟಿ ಸುಧಾ:

ಮೊಮ್ಮಗ ಅವರೇ, ಅರ್ಧ ಒಪ್ಪುತ್ತೇನೆ. ನಾನು ಹುಬ್ಬಳ್ಳಿಯವಳು, ಹವ್ಯಾಸಿ ತಂಡದಲ್ಲಿ ಪೇಟಿ ನುಡಿಸುತ್ತೇನೆ.

ಬ್ರೆಕ್ಟ್ ಪೂರ್ವದಿಂದ ಕಲಿತದ್ದು ನಿಜ, 1935ರಲ್ಲಿ ಮಾಸ್ಕೋದಲ್ಲಿ ಚೀನಾದ ಮೈ ಲಾನ್‌ಫಾಂಗ್ ಅಭಿನಯ ನೋಡಿ ಅದರ ಮೇಲೆ ಲೇಖನವನ್ನೇ ಬರೆದ. ನಮ್ಮ ಕಾರ್ನಾಡರೂ ಹೇಳಿದ್ದಾರೆ, ನಮ್ಮದೇ ರಂಗಭೂಮಿಯಲ್ಲಿ ಏನೇನು ಇದೆ ಅಂತ ಕಣ್ಣು ತೆರೆಸಿದ್ದು ಬ್ರೆಕ್ಟ್ ಅಂತ. 'ಹಯವದನ'ದ ಭಾಗವತ, ಅರ್ಧ ಪರದೆ ಎಲ್ಲ ಹಾಗೆ ಬಂದವು. ಆದರೆ ಎರಡೂ ಒಂದೇ ಅಲ್ಲ. ನಮ್ಮ ಸಾರಥಿ ಕೇಳಿದ ಮೇಲೆ ನಾವು ಮತ್ತೆ ಕಥೆಯೊಳಗೆ ಮುಳುಗುತ್ತೇವೆ, ದ್ರೌಪದಿ ಅತ್ತರೆ ಅಳುತ್ತೇವೆ. ಬ್ರೆಕ್ಟ್‌ಗೆ ನಾವು ಅಳುವುದೇ ಬೇಡ. ಈಕೆ ಯಾಕೆ ಅಳಬೇಕಾಯಿತು, ಯಾರು ಅಳಿಸಿದರು ಅಂತ ಕೇಳಬೇಕು ಅವನಿಗೆ.

ಅದು ಅವನಿಗೇ ಪೂರ್ತಿ ಸಾಧಿಸಲಿಲ್ಲ ಅನ್ನುವುದು ಬೇರೆ. 1928ರ ಆಗಸ್ಟ್ 31ಕ್ಕೆ ಬರ್ಲಿನ್ನಿನಲ್ಲಿ 'ಮೂರು ಕಾಸಿನ ಸಂಗೀತ ನಾಟಕ' ಶುರುವಾಯಿತು. ಕಳ್ಳನೂ ವ್ಯಾಪಾರಿಯೂ ಒಂದೇ ಅಂತ ಶ್ರೀಮಂತರನ್ನು ಬೈಯುವ ನಾಟಕ. ಆ ಶ್ರೀಮಂತರೇ ಟಿಕೆಟ್ ತಗೊಂಡು ಬಂದು ಚಪ್ಪಾಳೆ ಹೊಡೆದರು, ಕುರ್ಟ್ ವೈಲ್ ಹಾಕಿದ ಧಾಟಿಗಳು ಊರೆಲ್ಲ ಹರಡಿದವು. ಈಗಿನ ಕಾಮಿಡಿ ಶೋಗಳಲ್ಲಿ ಮುಂದಿನ ಸಾಲಿನ ದೊಡ್ಡವರು ತಮ್ಮ ಮೇಲಿನ ಜೋಕಿಗೇ ಬಿದ್ದು ಬಿದ್ದು ನಗುವುದಿಲ್ಲವಾ? ಹಾಗೆ. ಆದರೆ 1933ರಲ್ಲಿ ನಗುವವರು ಬದಲಾದರು. ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನವೇ ಬ್ರೆಕ್ಟ್ ದೇಶ ಬಿಟ್ಟ.

ಲೈಟ್‌ಮನ್ ಅವರೇ, ನಿಮಗೆ ಬೇಕಾದ ಒಂದು ಸಂಗತಿ. ಆ ನಾಟಕ ಶುರುವಾಗುವುದು ಬೀದಿ ಹಾಡುಗಾರ ನಾಯಕನ ಕೊಲೆಗಳ ಪಟ್ಟಿಯನ್ನು ಹಾಡುವುದರಿಂದ. ಜರ್ಮನಿಯ ಜಾತ್ರೆಗಳಲ್ಲಿ ಹಿಂದೆ ಹಾಗೇ ಇತ್ತು, ಚಿತ್ರ ಬರೆದ ಹಲಗೆ ನಿಲ್ಲಿಸಿ ಕೋಲಿನಿಂದ ತೋರಿಸುತ್ತ ಕೊಲೆಯ ಕಥೆ ಹಾಡುವವರು ಇರುತ್ತಿದ್ದರು. ನಿಮ್ಮ ಸೊಟ್ಟ ಪರದೆಯ ಮುಂದೆ ಒಬ್ಬ ಲಾವಣಿ ಹಾಡುವವನನ್ನು ನಿಲ್ಲಿಸಿ. ಸಾವ್ಕಾರ ಯಾರ ಹೊಲ ಎಷ್ಟಕ್ಕೆ ಬರೆಸಿಕೊಂಡ ಅಂತ ಹಾಡಲಿ, ನಗುನಗುತ್ತಾ. ಧಾಟಿ ಖುಷಿಯದ್ದೇ ಇರಲಿ, ಅದೇ ಹೆದರಿಸುತ್ತದೆ. ಗದಗಿನ ಗರುಡ ಸದಾಶಿವರಾಯರ ಕಾಲದಿಂದ ಹಾಡಿಲ್ಲದ ನಾಟಕ ನಮ್ಮ ಮಂದಿಗೆ ರುಚಿಸಿಲ್ಲ. ಹಾಡು ಇದ್ದರೆ ಸೊಟ್ಟ ಗೋಡೆಯನ್ನೂ ಒಪ್ಪುತ್ತಾರೆ.

ಹಾನಗಲ್ ಲೈಟ್‌ಮನ್:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಸಮುದಾಯ ಭವನದಲ್ಲಿ ಸಣ್ಣ ಪ್ರಯೋಗ ಮಾಡಿದೆವು. ಹಳೇ ಬೆಡ್‌ಶೀಟ್ ಎರಡು ಹೊಲಿದು, ಬಾಗಿಲು ಮತ್ತು ಒಂದು ಕೈಯ ನೆರಳು ಬರೆದೆ. ಚಿತ್ರ ಸುಮಾರಾಗಿದೆ, ಕೈ ಅಂತ ನಾನೇ ಹೇಳಬೇಕಾಯಿತು. ಎಲ್‌ಇಡಿ ಹಾಕಿದಾಗ ಏನೂ ಕಾಣಲಿಲ್ಲ. ಪಕ್ಕದಿಂದ ಒಂದು ಹ್ಯಾಲೋಜನ್ ಹಾಕಿದೆ, ನಮ್ಮ ಸಾವ್ಕಾರ ಪಾತ್ರದವನು ಕಿರಾಣಿ ಅಂಗಡಿಯವನು, ಅವನು ಬಾಗಿ ನಡೆದು ಆ ಕೈಯ ಕೆಳಗೆ ಬಂದು ನಿಂತ. ನೋಡಲು ಬಂದ ಹುಡುಗರು ಮೊದಲು ನಕ್ಕರು. ಆಮೇಲೆ ಇವನು ಪಕ್ಕಕ್ಕೆ ಸರಿದ. ಕೈ ಮಾತ್ರ ಅಲ್ಲೇ ಉಳಿಯಿತು, ಅದು ಬರೆದದ್ದಲ್ವಾ. ಆಗ ಯಾರೂ ನಗಲಿಲ್ಲ. ಅಜ್ಜಿಯೊಬ್ಬರು "ಅದ್ಯಾಕ ಹೋಗವಲ್ಲದು?" ಅಂತ ಕೇಳಿದರು.

ಹಿರಿಯರು ಒಂದೇ ದೃಶ್ಯಕ್ಕೆ ಒಪ್ಪಿದ್ದಾರೆ. ಉಳಿದದ್ದಕ್ಕೆ ಅರಮನೆ ಪರದೆಯೇ. ಲಾವಣಿಗೆ ಪಕ್ಕದ ಊರಿನ ಡಪ್ಪಿನವರನ್ನು ಕೇಳಿದ್ದೇವೆ. ಮೊಮ್ಮಗ ಅಣ್ಣಾ, ಪಂಜು ಬೇಡ, ಶಾಮಿಯಾನದವರು ಹೊಡೆಯುತ್ತಾರೆ.

ಬಣ್ಣದ ಡಬ್ಬಿ ಅಣ್ಣಾ, ನಮ್ಮ ಸ್ಟೇಜು 24 ಅಡಿ ಅಗಲ. ಪರದೆ ನೀವೇ ಬರೆದು ಕೊಡುತ್ತೀರಾ? ಎಷ್ಟಾಗುತ್ತದೆ?

ಬೆಟಗೇರಿ ಬಣ್ಣದ ಡಬ್ಬಿ:

ಬಟ್ಟೆ ನೀನು ತಾ, ಕೋರಾ ಬಟ್ಟೆ, ದಪ್ಪಂದು. ಬಣ್ಣದ ಖರ್ಚು ಕೊಡು. ಕೂಲಿ ಬೇಡ, ಹ್ಯಾಂಡ್‌ಬಿಲ್‌ನಲ್ಲಿ ಪರದೆ ಬರೆದವರು ಅಂತ ಹೆಸರು ಹಾಕಿಸು. ಕೈ ಮಾತ್ರ ನಾನು ಬರೆಯುತ್ತೇನೆ, ನೀನು ಮುಟ್ಟಬೇಡ.