‘ಕಟ್ಟಿಕೊಂಡ’ ಪಂಪು, ‘ಕಟ್ಟಿಕೊಟ್ಟ’ ಪಂಪು: ಡಿಐವೈ ವೈದ್ಯಕೀಯ ಸಾಧನಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ನಾಲ್ಕು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ನಿಮ್ಮ ಮುಂದಿಟ್ಟರೆ ದಾರಿ ಸಿಗಬಹುದು ಎಂದು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಯಿತು, ಬೈಯಬೇಡಿ.

ಟೈಪ್ 1 ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ಸಾಕಷ್ಟು ತಯಾರಾಗದ ಸಕ್ಕರೆ ಕಾಯಿಲೆ) ಇರುವವರು ತಾವೇ ಜೋಡಿಸಿಕೊಂಡ ಇನ್ಸುಲಿನ್ ಸಾಧನಗಳ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ಇಂಥ ಸಾಧನದ ಪಂಪು, ಸೆನ್ಸರ್ ಕಂಪನಿಯವು. ಆದರೆ ಅವೆರಡನ್ನೂ ಜೋಡಿಸಿ ನಡೆಸುವ ಮಿದುಳು ಕಂಪನಿಯದಲ್ಲ, ಸರ್ಕಾರ ಪರೀಕ್ಷಿಸಿ ಒಪ್ಪಿದ್ದೂ ಅಲ್ಲ. ಅದರ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಬೇಕಾದವರು ಇಳಿಸಿಕೊಂಡು ತಮಗೆ ತಾವೇ ಸಿದ್ಧ ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನವರಿಗೆ ಇದಕ್ಕೆ ‘ಡಿಐವೈ’ (ಡು ಇಟ್ ಯುವರ್‌ಸೆಲ್ಫ್, ನೀವೇ ಮಾಡಿ) ಎಂಬ ಮೂರಕ್ಷರ ಸಾಕು. ನಮಗೆ?

ಮೊದಲು ಬರೆದದ್ದು ‘ಮನೆಯಲ್ಲೇ ತಯಾರಿಸಿದ ವೈದ್ಯಕೀಯ ಸಾಧನ’. ಓದಿ ನೋಡಿದರೆ ಮನೆಮದ್ದಿನ ವಾಸನೆ ಬಂತು. ಮನೆಮದ್ದು ಅಂದರೆ ಕಣ್ಣಳತೆ, ಕೈಯಳತೆಯ ವ್ಯವಹಾರ. ಇಲ್ಲಿ ನಡೆಯುವುದು ಅದಲ್ಲ. ಚರ್ಮದಡಿಯ ಸೆನ್ಸರ್ ಐದೈದು ನಿಮಿಷಕ್ಕೆ ಸಕ್ಕರೆಯ ಅಂಕೆಯನ್ನು ಕಳಿಸುತ್ತದೆ. ಜೇಬಿನಲ್ಲಿರುವ ಪುಟ್ಟ ಕಂಪ್ಯೂಟರ್ ಅಥವಾ ಫೋನು ಅದನ್ನು ಓದುತ್ತದೆ. ಸಕ್ಕರೆ ಏರಲಿದೆಯೋ ಇಳಿಯಲಿದೆಯೋ ಎಂದು ಲೆಕ್ಕ ಹಾಕುತ್ತದೆ. ಸೊಂಟದಲ್ಲಿರುವ ಪಂಪಿಗೆ ‘ಸ್ವಲ್ಪ ಹೆಚ್ಚಿಗೆ ಬಿಡು’, ‘ಸ್ವಲ್ಪ ಹಿಡಿ’ ಎಂದು ಹೇಳುತ್ತದೆ. ಓಪನ್‌ಎಪಿಎಸ್ ಎಂಬ ವ್ಯವಸ್ಥೆಯಲ್ಲಿ ಈ ಮಾತಿಗೆ 30 ನಿಮಿಷದ ಆಯಸ್ಸು ಅಷ್ಟೆ. ಅಷ್ಟರಲ್ಲಿ ಹೊಸ ಮಾತು ಬರಲಿಲ್ಲ ಎಂದುಕೊಳ್ಳಿ, ಕಂಪ್ಯೂಟರ್ ಕೆಟ್ಟಿದೆ, ಬ್ಯಾಟರಿ ಮುಗಿದಿದೆ. ಆಗ ಪಂಪು ಸುಮ್ನೆ ತನ್ನ ಮಾಮೂಲಿ ಗತಿಗೆ ವಾಪಸ್ ಬರುತ್ತದೆ. ಕೆಟ್ಟರೆ ಏನು ಗತಿ ಎಂದು ಮೊದಲೇ ಯೋಚಿಸಿ ಮಾಡಿದ್ದನ್ನು ‘ಮನೆಯಲ್ಲಿ ಮಾಡಿದ್ದು’ ಎಂದು ಬರೆಯಲು ಕೈ ಬರಲಿಲ್ಲ.

‘ಮುಕ್ತ’ ಪದವೂ ಕೈಕೊಟ್ಟಿತು. ‘ಮುಕ್ತ ತಂತ್ರಾಂಶ’ ನಮಗೆಲ್ಲ ರೂಢಿಯಾಗಿದೆ, ತೊಂದರೆಯಿಲ್ಲ. ಆದರೆ ‘ಮುಕ್ತ ವೈದ್ಯಕೀಯ ಸಾಧನ’ ಎಂದು ಬರೆದು ಗೆಳತಿಯೊಬ್ಬಳಿಗೆ ತೋರಿಸಿದೆ. ‘ಯಾವುದರಿಂದ ಮುಕ್ತ?’ ಅಂದಳು. ತೆರಿಗೆಮುಕ್ತ, ರೋಗಮುಕ್ತ ಎಂದು ಕೇಳಿ ಕೇಳಿ ನಮ್ಮ ಕಿವಿ ‘ಮುಕ್ತ’ದ ಹಿಂದೆ ಏನೋ ಒಂದನ್ನು ಹುಡುಕುತ್ತದೆ. ಈ ಲೇಖನದಲ್ಲಂತೂ ‘ಕಾನೂನಿನಿಂದ ಮುಕ್ತ’ ಎಂದೇ ಓದಿಸಿಕೊಳ್ಳುತ್ತದೆ. ಹಾಗಾಗಿ ‘ಎಲ್ಲರಿಗೂ ಕೋಡ್ ತೆರೆದಿಟ್ಟ’ ಎಂದು ಬಿಡಿಸಿ ಬರೆದೆ. ಉದ್ದ ಹೌದು, ಆದರೆ ತಪ್ಪು ತಿಳಿಯುವ ಭಯ ಇಲ್ಲ. ಇನ್ನು ‘ಲೂಪ್’, ಅಂದರೆ ಸೆನ್ಸರಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಪಂಪಿಗೆ, ಮತ್ತೆ ಸೆನ್ಸರಿಗೆ ಎಂದು ತಾನೇ ಸುತ್ತುವ ಈ ವ್ಯವಸ್ಥೆ. ಯಾರೋ ‘ಕುಣಿಕೆ’ ಎಂದು ಸೂಚಿಸಿದರು. ಕುಣಿಕೆ ಅಂದರೆ ಮೊದಲು ಕೊರಳು ನೆನಪಾಗುತ್ತದೆ. ರೋಗಿಗಳು ಓದುವ ಬರಹಕ್ಕೆ ಬೇಡವೇ ಬೇಡ. ‘ಲೂಪ್’ ಎಂದೇ ಇಟ್ಟಿದ್ದೇನೆ.

ನಿಜವಾದ ಫಜೀತಿ ಶುರುವಾದದ್ದು ‘ನಿಯಂತ್ರಣ’ದಿಂದ. ನನ್ನ ಮೊದಲ ಕರಡಿನಲ್ಲಿದ್ದ ವಾಕ್ಯ ನೋಡಿ: ‘ಸರ್ಕಾರದ ನಿಯಂತ್ರಣಕ್ಕೆ ಒಳಪಡದ ಈ ನಿಯಂತ್ರಣ ಸಾಧನ ರಕ್ತದ ಸಕ್ಕರೆಯನ್ನು ನಿಯಂತ್ರಣದಲ್ಲಿಡುತ್ತದೆ.’ ಒಂದೇ ಸಾಲಿನಲ್ಲಿ ಮೂರು ಸಲ, ಮೂರೂ ಬೇರೆ ಬೇರೆ ಅರ್ಥ! ಸರ್ಕಾರ ಮಾಡುವುದು ನಿಯಮ ಹಾಕಿ ಮೇಲಿನಿಂದ ನೋಡಿಕೊಳ್ಳುವ ಕೆಲಸ. ಸಾಧನ ಮಾಡುವುದು ಕ್ಷಣಕ್ಷಣಕ್ಕೂ ತಿದ್ದುವ ಕೆಲಸ. ಎರಡಕ್ಕೂ ಒಂದೇ ಪದ ಹಾಕಿದರೆ ಲೇಖನದ ಜಗಳವೇ ಓದುಗರಿಗೆ ಕಾಣುವುದಿಲ್ಲ.

ಸಕ್ಕರೆಗೆ ‘ಹತೋಟಿ’ ಚೆನ್ನಾಗಿ ಹೊಂದುತ್ತದೆ, ಜನ ಹೇಳುವುದೂ ಹಾಗೆಯೇ. ‘ಅಂಕೆ’ಯ ಮೇಲೆ ನನಗೆ ಆಸೆಯಾಯಿತು. ಪರದೆ ಮೇಲೆ ಕಾಣುವುದೂ ಅಂಕೆ, ಸಾಧಿಸಬೇಕಾದ್ದೂ ಅಂಕೆ. ‘ಅಂಕೆ ಅಂಕೆಯಲ್ಲಿದೆ’ ಎಂದು ಬರೆದು ಖುಷಿಪಟ್ಟೆ, ಮರುದಿನ ಹೊಡೆದುಹಾಕಿದೆ. ವೈದ್ಯಕೀಯ ಬರಹದಲ್ಲಿ ಶ್ಲೇಷೆ ಅಪಾಯ. ಸರ್ಕಾರದ ಕಡೆಯದಕ್ಕೆ ‘ಕಟ್ಟಳೆ’ ಬಳಸಿದ್ದೇನೆ. ‘ನಿಬಂಧನೆ’ ಅಂದರೆ ಸಾಲದ ಪತ್ರ ಓದಿದ ಹಾಗಾಗುತ್ತದೆ. ‘ನಿಯಮನ’ ಅಂದರೆ ಅರ್ಧ ಜನ ‘ನಿಯಮ’ದ ಅಚ್ಚುತಪ್ಪು ಅಂದುಕೊಳ್ಳುತ್ತಾರೆ.

ಈಗ ಒಂದು ಘೋಷಣೆಯ ಕಥೆ. 2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡಯಾಬಿಟಿಸ್ ತಂತ್ರಜ್ಞಾನದ ಸಭೆಯೊಂದರಲ್ಲಿ ಹುಟ್ಟಿದ ಮಾತು ‘ವಿ ಆರ್ ನಾಟ್ ವೇಟಿಂಗ್’. ಕಂಪನಿ ಮಾಡಲಿ, ಸರ್ಕಾರ ಒಪ್ಪಲಿ ಎಂದು ಕೂತರೆ ವರ್ಷಗಳೇ ಹೋಗುತ್ತವೆ, ನಮ್ಮ ಕೈಲಾದ್ದನ್ನು ಈಗಲೇ ಮಾಡೋಣ ಎಂಬ ಅರ್ಥ. ‘ನಾವು ಕಾಯುವುದಿಲ್ಲ’ ಎಂದು ಸಲೀಸಾಗಿ ಅನುವಾದಿಸಿ ಮುಂದೆ ಹೋಗಿದ್ದೆ. ಎರಡು ಪುಟ ದಾಟಿದ ಮೇಲೆ ಹೊಳೆಯಿತು. ಕನ್ನಡದಲ್ಲಿ ‘ಕಾಯು’ ಅಂದರೆ ದಾರಿ ನೋಡುವುದೂ ಹೌದು, ಕಾಪಾಡುವುದೂ ಹೌದು. ಬಸ್ಸಿಗೂ ಕಾಯುತ್ತೇವೆ, ಗಡಿಯನ್ನೂ ಕಾಯುತ್ತೇವೆ. ರೋಗಿಗಳು ಬೇಡ ಅನ್ನುವುದು ಮೊದಲನೆಯ ಕಾಯುವಿಕೆ. ಕಟ್ಟಳೆ ಹಾಕುವವರ ಕೆಲಸ ಎರಡನೆಯದು. ಡಾಲ್ಕನ್ ಶೀಲ್ಡ್ ಎಂಬ ಗರ್ಭನಿರೋಧಕ ಸಾಧನದಿಂದ ಎಷ್ಟೋ ಹೆಂಗಸರಿಗೆ ಸೋಂಕಾಯಿತು, ಕೆಲವರು ಸತ್ತರು. ಆ ಗದ್ದಲದ ಬೆನ್ನಿಗೇ 1976ರಲ್ಲಿ ಅಮೆರಿಕ ವೈದ್ಯಕೀಯ ಸಾಧನಗಳ ಕಾನೂನನ್ನು ಬಿಗಿ ಮಾಡಿತು. ಕಾಯುವವರು ಬೇಕು ಎಂದು ಜನರೇ ಕೇಳಿ ತಂದದ್ದು ಅದು. ಅಂಥ ಜಾಗದಲ್ಲಿ ‘ನಾವು ಕಾಯುವುದಿಲ್ಲ’ ಎಂದು ದೊಡ್ಡಕ್ಷರದಲ್ಲಿ ಹಾಕಿದರೆ ಬೇಜವಾಬ್ದಾರಿಯ ಹೇಳಿಕೆ ಆಗಿಬಿಡುತ್ತದೆ, ಅಲ್ವಾ? ‘ನಾವು ಕಾಯುತ್ತಾ ಕೂರುವವರಲ್ಲ’ ಎಂದು ಬದಲಿಸಿದೆ. ‘ಕೂರು’ ಸೇರಿದ ಕೂಡಲೇ ಎರಡನೆಯ ಅರ್ಥ ಬಿದ್ದುಹೋಗುತ್ತದೆ. ಇದಕ್ಕಿಂತ ಚಿಕ್ಕದು ಹೊಳೆದರೆ ಹೇಳಿ.

ಮತ್ತೆ ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. ಮೇಲೆ ‘ಜೋಡಿಸಿಕೊಂಡ’, ‘ಮಾಡಿಕೊಳ್ಳುತ್ತಾರೆ’ ಎಂದು ನಾನು ಗಮನಿಸದೆಯೇ ಬರೆದಿದ್ದೇನೆ ನೋಡಿ. ಡಿಐವೈಗೆ ಪದ ಇಲ್ಲ ಎಂದು ಹುಡುಕುತ್ತಿದ್ದವನ ಕೈಯಲ್ಲೇ ಅದು ಇತ್ತು: ‘ಕೊಳ್ಳು’. ಅಂಗಿ ಹೊಲಿದುಕೊಂಡ, ಅಂಗಿ ಹೊಲಿದುಕೊಟ್ಟ. ಮನೆ ಕಟ್ಟಿಕೊಂಡ, ಮನೆ ಕಟ್ಟಿಕೊಟ್ಟ. ಕೆಲಸ ಒಂದೇ, ಅದರ ಫಲ ಯಾರ ಪಾಲಿಗೆ ಎಂಬುದನ್ನು ಬಾಲದ ಕ್ರಿಯಾಪದ ಹೇಳಿಬಿಡುತ್ತದೆ.

ಕಾನೂನಿನ ಗೆರೆ ಎಳೆದಿರುವುದೂ ಹೆಚ್ಚುಕಡಿಮೆ ಇಲ್ಲೇ! ಔಷಧ, ವೈದ್ಯಕೀಯ ಸಾಧನಗಳಿಗೆ ಕಟ್ಟಳೆ ಹಾಕುವ ಅಮೆರಿಕದ ಎಫ್‌ಡಿಎ ಕಣ್ಣು ಮುಖ್ಯವಾಗಿ ಮಾಡಿ ಮಾರುವವರ ಮೇಲೆ, ಹಂಚುವವರ ಮೇಲೆ. (ಎಫ್‌ಡಿಎ ಅಂದಕೂಡಲೇ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆ ನೆನಪಾದರೆ ತಪ್ಪು ನಿಮ್ಮದಲ್ಲ. ‘ಅಮೆರಿಕದ’ ಎಂದು ಪ್ರತಿ ಸಲ ಸೇರಿಸಬೇಕಾಗಿದೆ.) ಫೋನಿನಲ್ಲೇ ಲೂಪ್ ನಡೆಸುವ ಆಂಡ್ರಾಯ್ಡ್‌ಎಪಿಎಸ್ ಎಂಬ ಆ್ಯಪ್ ಇದೆ. ಅದು ಆ್ಯಪ್ ಅಂಗಡಿಯಲ್ಲಿ ಸಿಗುವುದಿಲ್ಲ. ಸಿದ್ಧಪಡಿಸಿದ ಆ್ಯಪನ್ನು ಹಂಚುವುದಿಲ್ಲ ಎಂದು ಅದರ ತಂಡದವರೇ ಹೇಳುತ್ತಾರೆ, ಏಕೆಂದರೆ ಹಂಚಿದರೆ ವೈದ್ಯಕೀಯ ಸಾಧನ ಹಂಚಿದ ಹಾಗಾಗುತ್ತದೆ. ಅವರು ಕೊಡುವುದು ಕೋಡ್ ಮತ್ತು ಮಾಡುವ ಬಗೆ. ಬಳಸುವವರು ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿ (ಕೋಡನ್ನು ಆ್ಯಪ್ ಆಗಿ ಕಟ್ಟಿ) ತಮ್ಮ ಫೋನಿಗೆ ಹಾಕಿಕೊಳ್ಳಬೇಕು. ‘ಕಟ್ಟಿಕೊಳ್ಳಿ, ನಾವು ಕಟ್ಟಿಕೊಡುವುದಿಲ್ಲ’ ಎಂದು ಇದನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಇಂಗ್ಲಿಷ್ ಮೂಲದಲ್ಲಿ ಒಂದು ಪ್ಯಾರಾ ಇತ್ತು.

ಆದರೆ ಗುಣವಾಚಕ ಮಾಡಲು ಹೋದರೆ ಕಾಲು ಜಾರುತ್ತದೆ. ‘ಕಟ್ಟಿಕೊಂಡ ಪಂಪು’ ಅಂದರೆ ಸೊಂಟಕ್ಕೆ ಕಟ್ಟಿಕೊಂಡದ್ದು ಎಂದಾಗುತ್ತದೆ. ಪಂಪು ಇರುವುದೂ ಸೊಂಟದಲ್ಲೇ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ! ‘ಕಟ್ಟಿಕೊಂಡವರು’ ಅಂದರಂತೂ ಮದುವೆ ಮಾತಾಯಿತು. ‘ಮಾಡಿಕೊಂಡ ಸಾಧನ’ ಇನ್ನೂ ಕಷ್ಟ. ನಮ್ಮಲ್ಲಿ ‘ಮಾಡಿಕೊಂಡ’ ಬರುವುದು ಎಡವಟ್ಟಿನ ಜೊತೆ ಜಾಸ್ತಿ. ‘ಏನಾದರೂ ಮಾಡಿಕೊಂಡುಬಿಟ್ಟರೆ?’ ಎಂದು ಅಮ್ಮಂದಿರು ಯಾವಾಗ ಕೇಳುತ್ತಾರೆ ಎಂಬುದು ನಿಮಗೆ ಗೊತ್ತು. ಕಟ್ಟಳೆ ಹಾಕುವವರ ಹೆದರಿಕೆಯೂ ಸರಿಯಾಗಿ ಅದೇ. 2019ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ತಾನು ಒಪ್ಪದ ಸಾಧನವನ್ನು ಜೋಡಿಸಿಕೊಂಡಿದ್ದ ಒಬ್ಬ ರೋಗಿಗೆ ಇನ್ಸುಲಿನ್ ಮಿತಿಮೀರಿ ಹೋಗಿ ಚಿಕಿತ್ಸೆ ಬೇಕಾಯಿತು ಎಂದು ಅದರಲ್ಲಿತ್ತು. ಅಂದರೆ ‘ಕೊಳ್ಳು’ವಿನೊಳಗೆ ಸ್ವಾತಂತ್ರ್ಯವೂ ಇದೆ, ‘ನೀನೇ ಮಾಡಿಕೊಂಡದ್ದು, ನೀನೇ ಅನುಭವಿಸು’ ಎಂಬ ಚುಚ್ಚುಮಾತೂ ಇದೆ. ಡಿಐವೈ ಎಂಬ ಮೂರಕ್ಷರದಲ್ಲಿ ಆ ಚುಚ್ಚು ಇಲ್ಲ.

ನಡುವೆ ಒಂದು ಜೋಡಿ ಪದದ ವಿಷಯ, ಇದನ್ನು ಪತ್ರಿಕೆಗಳು ದಿನಾ ಕಲಸುತ್ತವೆ: ಸುರಕ್ಷತೆ, ಭದ್ರತೆ. ಮೆಡ್‌ಟ್ರಾನಿಕ್ ಎಂಬ ಕಂಪನಿಯ ಕೆಲವು ಹಳೆಯ ಇನ್ಸುಲಿನ್ ಪಂಪುಗಳಲ್ಲಿ ಒಂದು ದೋಷವಿತ್ತು. ಹತ್ತಿರದಿಂದ ರೇಡಿಯೊ ಮೂಲಕ ಬಂದ ಆದೇಶ ಯಾರದು ಎಂದು ಅವು ಸರಿಯಾಗಿ ವಿಚಾರಿಸುತ್ತಿರಲಿಲ್ಲ. ಅದು ಭದ್ರತೆಯ ತೂತು. ಆದರೆ ತಾವೇ ಲೂಪ್ ಕಟ್ಟಿಕೊಂಡವರು ಪಂಪಿನ ಜೊತೆ ಮಾತಾಡಿದ್ದು ಆ ತೂತಿನಿಂದಲೇ. ನಿದ್ದೆಯಲ್ಲಿ ಸಕ್ಕರೆ ಕುಸಿಯದಂತೆ ನೋಡಿಕೊಂಡಿದ್ದೂ ಆ ದಾರಿಯಿಂದಲೇ, ಅಂದರೆ ಅವರ ಪಾಲಿಗೆ ಅದೇ ಸುರಕ್ಷತೆ. 2019ರ ಜೂನ್‌ನಲ್ಲಿ ಕಂಪನಿ ಆ ಪಂಪುಗಳನ್ನು ವಾಪಸ್ ಕರೆಯಿತು. ‘ಸುರಕ್ಷತೆಯ ಕಾರಣಕ್ಕೆ ವಾಪಸ್’ ಎಂದು ಬರೆದರೆ ಈ ಕಥೆಯ ಅರ್ಧ ಸ್ವಾರಸ್ಯ ಸತ್ತಂತೆ. ದಯವಿಟ್ಟು ಈ ಎರಡನ್ನು ಬೇರೆ ಇಡೋಣ.

‘ಅನುಮೋದನೆ’ಯ ಬಗ್ಗೆ ಚುಟುಕಾಗಿ. ಹೆಚ್ಚು ಅಪಾಯದ ಸಾಧನಕ್ಕೆ ಅಮೆರಿಕದ ಎಫ್‌ಡಿಎ ಕೊಡುವುದು ‘ಅಪ್ರೂವಲ್’. ಈಗಾಗಲೇ ಮಾರುಕಟ್ಟೆಯಲ್ಲಿರುವಂಥದ್ದಕ್ಕೆ ಇದು ಸಮ ಎಂದು ತೋರಿಸಿದರೆ ‘ಕ್ಲಿಯರೆನ್ಸ್’. ನಮ್ಮವರು ಎರಡಕ್ಕೂ ಅನುಮೋದನೆ ಅನ್ನುತ್ತಾರೆ. ಎರಡನೆಯದಕ್ಕೆ ‘ಪರವಾನಗಿ’ ಅನ್ನಲೇ, ‘ಸಮ್ಮತಿ’ ಅನ್ನಲೇ? ಇದು ಬೇಕಾಗಿರುವುದು ಟೈಡ್‌ಪೂಲ್ ಲೂಪ್ ಎಂಬ ಆ್ಯಪ್‌ಗಾಗಿ. ಬಳಸುವವರೇ ಬೆಳೆಸಿದ ಲೂಪ್ ಆ್ಯಪ್‌ನಿಂದ ಹುಟ್ಟಿ, 2023ರ ಜನವರಿಯಲ್ಲಿ ಕ್ಲಿಯರೆನ್ಸ್ ಪಡೆದದ್ದು ಅದು. ಕಟ್ಟಿಕೊಂಡದ್ದನ್ನು ಬೇರೆಯವರಿಗೆ ಕಟ್ಟಿಕೊಡಲು ಹೊರಟಾಗ ಕಟ್ಟಳೆಯ ಬಾಗಿಲು ಹೇಗೆ ಎದುರಾಗುತ್ತದೆ, ಅದನ್ನು ದಾಟುವುದು ಹೇಗೆ ಎಂಬುದಕ್ಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ.

ಕೊನೆಯದಾಗಿ, ನನ್ನ ಗೆರೆ ಅಳಿಸುವ ಒಂದು ವಾಕ್ಯ. ಟೈಪ್ 1 ಡಯಾಬಿಟಿಸ್ ಇರುವ ಡೇನಾ ಲೂಯಿಸ್ ಅವರ ಕಥೆ ಸುಲಭ. ರಾತ್ರಿ ಸೆನ್ಸರಿನ ಅಲಾರಂ ಸದ್ದಿಗೆ ಎಚ್ಚರವಾಗುತ್ತಿರಲಿಲ್ಲ, ಸದ್ದು ಜೋರು ಮಾಡಿಕೊಳ್ಳಲು ಹೊರಟರು. 2014ರ ಕೊನೆಗೆ ಅದು ಪೂರ್ತಿ ಲೂಪ್ ಆಗಿ ಬೆಳೆಯಿತು. ಓಪನ್‌ಎಪಿಎಸ್ ಹುಟ್ಟಿದ್ದು ಹೀಗೆ. ತನಗೆ ತಾನು ಮಾಡಿಕೊಂಡದ್ದು, ವ್ಯಾಕರಣಕ್ಕೂ ತಕರಾರಿಲ್ಲ. ಸೆನ್ಸರಿನ ಅಂಕೆಯನ್ನು ದೂರದಿಂದಲೇ ನೋಡಲು ಬಳಸುವ ನೈಟ್‌ಸ್ಕೌಟ್‌ನ ಕಥೆ ಹಾಗಲ್ಲ. 2013ರಲ್ಲಿ ಒಬ್ಬ ತಂದೆ, ತನ್ನ ಪುಟ್ಟ ಮಗ ದೂರದಲ್ಲಿದ್ದಾಗಲೂ ಅವನ ಸಕ್ಕರೆಯ ಅಂಕೆ ತನಗೆ ಕಾಣಬೇಕು ಎಂದು ಕೋಡ್ ಬರೆದ. ಸೆನ್ಸರ್ ಇರುವುದು ಮಗನ ಮೈಮೇಲೆ, ಅಂಕೆ ಕಾಣುವುದು ಅಪ್ಪನ ಫೋನಿನಲ್ಲಿ. ಆ ತಂದೆ ‘ಮಾಡಿಕೊಂಡ’ನೇ, ‘ಮಾಡಿಕೊಟ್ಟ’ನೇ? ಎರಡನ್ನೂ ಬರೆದು ನೋಡಿದೆ. ‘ಮಾಡಿಕೊಟ್ಟ’ ಅಂದರೆ ಮಗ ಬೇರೆಯವನಾಗುತ್ತಾನೆ. ‘ಮಾಡಿಕೊಂಡ’ ಅಂದರೆ ಮಗನ ಮೈ ಮರೆತ ಹಾಗಾಗುತ್ತದೆ.

ನಿಮ್ಮ ಕಡೆಯ ಮಾತಿನಲ್ಲಿ ಮಕ್ಕಳಿಗಾಗಿ ಏನಾದರೂ ಮಾಡಿದಾಗ ಯಾವುದು ಬರುತ್ತದೆ? ಡಿಐವೈಗೂ ಒಂದು ಗುಣವಾಚಕ ಹೊಳೆದರೆ ತಿಳಿಸಿ. ಸದ್ಯಕ್ಕೆ ‘ಸ್ವಂತಕ್ಕೆ ಜೋಡಿಸಿಕೊಂಡ’ ಎಂದು ಹಾಕಿದ್ದೇನೆ, ಮನಸ್ಸು ಪೂರ್ತಿ ಒಪ್ಪಿಲ್ಲ. ಕರಡು ಕಳಿಸಲು ಇನ್ನೂ ಐದು ದಿನ ಇದೆ.