ಮಹಾಸ್ಫೋಟ ಗೆದ್ದದ್ದು ಯಾವ ಪುರಾವೆಯ ಮೇಲೆ?

ಸೋಮವಾರಪೇಟೆ ಮೇಷ್ಟ್ರು:
ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ವಿಶ್ವ ಹುಟ್ಟಿದ್ದನ್ನು ಕಂಡವರೇ ಇಲ್ಲದ ಮೇಲೆ ಮಹಾಸ್ಫೋಟವನ್ನೇ ಏಕೆ ಒಪ್ಪಬೇಕು ಸರ್?" ಎಂದು ಕೇಳಿದಳು. ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ ಎಂದು 1929ರಲ್ಲಿ ಹಬಲ್ ತೋರಿಸಿಕೊಟ್ಟದ್ದನ್ನು ಫ್ರೆಡ್ ಹಾಯ್ಲ್ ಅವರ ಸ್ಥಿರಸ್ಥಿತಿ ಸಿದ್ಧಾಂತವೂ ಒಪ್ಪುತ್ತಿತ್ತು. ನಮ್ಮ ಜಯಂತ ನಾರ್ಳೀಕರ್ ಅವರೂ ಅದೇ ಪಕ್ಷದಲ್ಲಿದ್ದರು. ಹಾಗಾದರೆ ಒಂದು ಉಳಿದು ಇನ್ನೊಂದು ಬಿದ್ದದ್ದು ಹೇಗೆ? ಇತ್ತೀಚೆಗೆ ಕೇಳಿಬರುವ, ವಿಶ್ವ ಹಿಗ್ಗುವುದೂ ಕುಗ್ಗುವುದೂ ಮರುಕಳಿಸುತ್ತಿರುತ್ತದೆ ಎನ್ನುವ ಚಕ್ರೀಯ ವಿಶ್ವದಂಥ ವಾದಗಳನ್ನು ಯಾವ ಸಾಲಿನಲ್ಲಿ ಕೂರಿಸಬೇಕು?

ಮಂಜಿನ ದಾರಿ:
ಮೇಷ್ಟ್ರೇ, ಸ್ಥಿರಸ್ಥಿತಿ ಸಿದ್ಧಾಂತವನ್ನು ಹಗುರವಾಗಿ ಕಾಣಬಾರದು. ವಿಶ್ವ ಹಿಗ್ಗಿದಂತೆ ತೆರವಾಗುವ ಜಾಗದಲ್ಲಿ ಹೊಸ ದ್ರವ್ಯ ಸ್ವಲ್ಪಸ್ವಲ್ಪವಾಗಿ ಹುಟ್ಟುತ್ತಿರುತ್ತದೆ, ಆದ್ದರಿಂದ ವಿಶ್ವ ಯಾವ ಕಾಲದಲ್ಲಿ ನೋಡಿದರೂ ಒಂದೇ ತೆರನಾಗಿರುತ್ತದೆ ಎಂದು ಬಾಂಡಿ, ಗೋಲ್ಡ್ ಮತ್ತು ಹಾಯ್ಲ್ 1948ರಲ್ಲಿ ವಾದಿಸಿದರು. ಪರೀಕ್ಷೆಗೆ ಒಡ್ಡಬಹುದಾದ ಮಾತದು, ಅದಕ್ಕೇ ಸೋಲಲೂ ಸಾಧ್ಯವಾಯಿತು. ದೂರಕ್ಕೆ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು ತಾನೇ? ಅತಿ ಪ್ರಖರವಾಗಿ ಬೆಳಗುವ ಗೆಲಾಕ್ಸಿ ಕೇಂದ್ರಗಳಾದ ಕ್ವೇಸಾರ್‌ಗಳು ಬಹುದೂರದಲ್ಲಿ ದಂಡಿಯಾಗಿ, ಹತ್ತಿರದಲ್ಲಿ ಅಪರೂಪವಾಗಿ ಕಂಡಾಗಲೇ ವಿಶ್ವ ಬದಲಾಗುತ್ತ ಬಂದಿದೆ ಎಂಬುದು ತಿಳಿಯಿತು.

ದೊಡ್ಡ ಪೆಟ್ಟು ಬಿದ್ದದ್ದು 1965ರಲ್ಲಿ. ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ರೇಡಿಯೋ ಖಗೋಳಜ್ಞರು ತಮ್ಮ ಆಂಟೆನಾದ ಗೊರಗೊರ ಸದ್ದು ಹೋಗಲೆಂದು ಅದರೊಳಗಿನ ಪಾರಿವಾಳದ ಹಿಕ್ಕೆಯನ್ನೂ ತೊಳೆದು ನೋಡಿದರು, ಸದ್ದು ಹೋಗಲಿಲ್ಲ. ಆಕಾಶದ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುತ್ತಿದ್ದ ಆ ಹಿನ್ನೆಲೆ ವಿಕಿರಣದ ಉಷ್ಣತೆ ಸುಮಾರು 3 ಕೆಲ್ವಿನ್ (ಸುಮಾರು −270 ಡಿಗ್ರಿ ಸೆಲ್ಸಿಯಸ್). ಸ್ಥಿರಸ್ಥಿತಿ ಸಿದ್ಧಾಂತಕ್ಕೆ ಇದನ್ನು ಸರಿಯಾಗಿ ವಿವರಿಸಲಾಗಲಿಲ್ಲ. ಮಹಾಸ್ಫೋಟ ನಿಜವಾದರೆ ಆದಿಯ ಬಿಸಿಯಿಂದ ಉಳಿದ ವಿಕಿರಣ ಇಂದು ಸುಮಾರು 5 ಕೆಲ್ವಿನ್ ಇರಬೇಕೆಂದು ಆಲ್ಫರ್ ಮತ್ತು ಹರ್ಮನ್ 1948ರಲ್ಲೇ ಲೆಕ್ಕ ಹಾಕಿದ್ದರು, ಆದರೆ ಅದನ್ನು ಹುಡುಕುವ ಗೋಜಿಗೆ ಹೆಚ್ಚಿನವರು ಹೋಗಿರಲಿಲ್ಲ.

ನಿಮ್ಮ ವಿದ್ಯಾರ್ಥಿನಿಗೆ ಇದನ್ನು ನಮ್ಮೂರ ಮಂಜಿನಿಂದಲೇ ವಿವರಿಸಬಹುದು. ಮಳೆಗಾಲದ ರಾತ್ರಿ ಸಂಪಾಜೆ ಘಾಟಿ ಹತ್ತುವಾಗ ಹೆಡ್‌ಲೈಟಿನ ಬೆಳಕು ಹನಿಗಳಿಗೆ ಬಡಿದು ಚದುರಿ, ಕಣ್ಣೆದುರು ಬಿಳಿಯ ಗೋಡೆ ಎದ್ದಂತಾಗುತ್ತದೆ. ಆದಿಯ ವಿಶ್ವದಲ್ಲಿ ಬಿಡಿ ಎಲೆಕ್ಟ್ರಾನುಗಳು ಬೆಳಕನ್ನು ಹಾಗೆಯೇ ಚದುರಿಸುತ್ತಿದ್ದವು. ಸುಮಾರು 3,80,000 ವರ್ಷಗಳಾದ ಮೇಲೆ, ಉಷ್ಣತೆ 3,000 ಕೆಲ್ವಿನ್‌ಗೆ ಇಳಿದು ಎಲೆಕ್ಟ್ರಾನುಗಳು ಪರಮಾಣುಗಳಲ್ಲಿ ಸೇರಿಕೊಂಡಾಗ ಮಂಜು ತಿಳಿಯಾಯಿತು. ಆಗ ಹೊರಟ ಬೆಳಕು ವಿಶ್ವ ಹಿಗ್ಗಿದಂತೆ ತಣ್ಣಗಾಗಿ ಈ 3 ಕೆಲ್ವಿನ್ ವಿಕಿರಣವಾಗಿದೆ, ಇಂದು ನಮಗೆ ಕಾಣುವುದು ಆ ಮಂಜಿನ ಗೋಡೆಯೇ. ಹುಟ್ಟನ್ನು ಯಾರೂ ನೋಡಿಲ್ಲ, ನಿಜ. ಆದರೆ ಈ ಗೋಡೆಯನ್ನು ಅಳೆದಿದ್ದೇವೆ.

ತಮಾಷೆಯೆಂದರೆ, ಮಹಾಸ್ಫೋಟಕ್ಕೆ 'ಬಿಗ್ ಬ್ಯಾಂಗ್' ಎಂಬ ಹೆಸರನ್ನು 1949ರ ರೇಡಿಯೋ ಭಾಷಣದಲ್ಲಿ ಮೊದಲು ಬಳಸಿದವರು ಅದನ್ನು ಒಪ್ಪದ ಹಾಯ್ಲ್ ಅವರೇ.

ತೋಟದ ಮನೆ:
ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಪುರಾವೆ ಇರುವುದು ವಿಶ್ವ ಒಮ್ಮೆ ಅತಿ ಬಿಸಿಯಾಗಿ, ಅತಿ ದಟ್ಟವಾಗಿ ಇತ್ತು ಎಂಬುದಕ್ಕೆ. ಶೂನ್ಯದಿಂದ ಹುಟ್ಟಿತು ಎಂಬುದಕ್ಕಲ್ಲ. ಪಠ್ಯಪುಸ್ತಕಗಳು ಇವೆರಡನ್ನೂ ಬೆರೆಸಿಬಿಡುತ್ತವೆ ಎಂಬುದೇ ನನ್ನ ತಕರಾರು. ಲೆಕ್ಕವನ್ನು ಹಿಂದಕ್ಕೆ ಎಳೆಯುತ್ತ ಹೋದರೆ ಐನ್‌ಸ್ಟೈನರ ಸಮೀಕರಣಗಳು ಒಂದು ಹಂತದಲ್ಲಿ ಕೈಚೆಲ್ಲುತ್ತವೆ.

ಆಕಾಶದ ಎದುರುಬದುರು ದಿಕ್ಕುಗಳಿಂದ ಬರುವ ಈ ವಿಕಿರಣದ ಉಷ್ಣತೆ ಒಂದೇ ಆಗಿರುವುದೇಕೆ ಎಂಬ ಪ್ರಶ್ನೆಗೆ ಅಲನ್ ಗೂತ್ 1981ರಲ್ಲಿ ಇನ್‌ಫ್ಲೇಷನ್ ಎಂಬ ಉತ್ತರ ಕೊಟ್ಟರು: ಮೊದಲ ಕ್ಷಣದ ಅತ್ಯಲ್ಪ ಭಾಗದಲ್ಲಿ ವಿಶ್ವ ವಿಪರೀತ ವೇಗದಿಂದ ಹಿಗ್ಗಿತು ಎಂಬ ಕಲ್ಪನೆ. ಹಿನ್ನೆಲೆ ವಿಕಿರಣದಲ್ಲಿರುವ, ಲಕ್ಷಕ್ಕೊಂದು ಪಾಲಿನಷ್ಟು ಸಣ್ಣ ಏರುಪೇರುಗಳು ಅದಕ್ಕೆ ಹೊಂದುತ್ತವೆ. ಇಷ್ಟಾದರೂ ಆ ಹಿಗ್ಗುವಿಕೆಗೆ ಕಾರಣವೇನೆಂಬುದು ಇತ್ಯರ್ಥವಾಗಿಲ್ಲ. ಸ್ಟೈನ್‌ಹಾರ್ಟ್ ಮತ್ತು ಟ್ಯೂರಾಕ್ ಅವರ ಚಕ್ರೀಯ ವಿಶ್ವ, ಅಭಯ್ ಅಷ್ಟೇಕರ್ ಮತ್ತಿತರರ, ಕುಗ್ಗಿ ಮತ್ತೆ ಹಿಗ್ಗುವ 'ಪುಟಿಯುವ ವಿಶ್ವ' ಬರುವುದು ಈ ಜಾಗಕ್ಕೆ. ಇವು ಮಹಾಸ್ಫೋಟದ ಎದುರಾಳಿಗಳಲ್ಲ, ಅದರ ಹಿಂದಿನ ಅಧ್ಯಾಯಕ್ಕೆ ಉಮೇದುವಾರರು. ಆದಿಕಾಲದ ಗುರುತ್ವ ಅಲೆಗಳು (ದೇಶಕಾಲದಲ್ಲೇ ಏಳುವ ಕಂಪನಗಳು) ಸಿಕ್ಕರೆ ಇನ್‌ಫ್ಲೇಷನ್‌ಗೆ ಬಲ, ಚಕ್ರೀಯ ವಾದಕ್ಕೆ ಹೊಡೆತ. 2014ರಲ್ಲಿ ಸಿಕ್ಕವೆಂದು ಘೋಷಣೆಯೂ ಆಗಿತ್ತು. ಪರಿಶೀಲಿಸಿದರೆ ಬಹುಮಟ್ಟಿಗೆ ನಮ್ಮ ಗೆಲಾಕ್ಸಿಯದೇ ಧೂಳು!

ಸೋಮವಾರಪೇಟೆ ಮೇಷ್ಟ್ರು:
ಇಬ್ಬರಿಗೂ ವಂದನೆಗಳು. ಹಳೆಯ ಟಿ.ವಿ.ಯಲ್ಲಿ ಚಾನೆಲ್ ಸಿಗದಿದ್ದಾಗ ಕುಣಿಯುವ ಚುಕ್ಕೆಗಳಲ್ಲಿ ಈ ವಿಕಿರಣವೂ ಇರುತ್ತದೆ ಎಂದು ಕೇಳಿದ್ದೇನೆ. ಶಾಲೆಯ ಉಗ್ರಾಣದಲ್ಲಿ ಡಬ್ಬಿ ಟಿ.ವಿ. ಒಂದಿದೆ, ಅದನ್ನು ತರಗತಿಯಲ್ಲಿ ತೋರಿಸಬಹುದೇ?

ಮಂಜಿನ ದಾರಿ:
ಧಾರಾಳವಾಗಿ ತೋರಿಸಿ, ಆಂಟೆನಾ ಮಾತ್ರ ಸಿಕ್ಕಿಸಿರಬೇಕು. ಆ ಚುಕ್ಕೆಗಳಲ್ಲಿ ಸುಮಾರು ನೂರಕ್ಕೆ ಒಂದು ಪಾಲಷ್ಟೇ ಆ ಹಿನ್ನೆಲೆ ವಿಕಿರಣದಿಂದ ಬಂದದ್ದು, ಉಳಿದದ್ದು ಬೇರೆ ಮೂಲಗಳ ಗದ್ದಲ ಎಂಬುದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಆ ಹುಡುಗಿ ಅದನ್ನೂ ಕೇಳುತ್ತಾಳೆ.