ನಾನು ರಜೆ ಹಾಕಿದರೆ ಕೆಲಸ ನಿಲ್ಲುತ್ತೆ: ನಾಯಕತ್ವದ ಪ್ರಶ್ನೋತ್ತರ

ಶಿಕ್ಷಕಿ: ನಮಸ್ತೆ ಮೇಡಂ. ನಾಯಕತ್ವ ಹುಟ್ಟಿನಿಂದ ಬರುತ್ತಾ, ಕಲಿಯಬಹುದಾ?

ಮನಶ್ಶಾಸ್ತ್ರಜ್ಞೆ: ಕಲಿಯಬಹುದು. ಸ್ವಭಾವದ ಪಾಲೂ ಇದೆ. ಆದರೆ 1948ರಲ್ಲೇ ಸ್ಟಾಗ್‌ಡಿಲ್ ಎಂಬ ಮನಶ್ಶಾಸ್ತ್ರಜ್ಞ ನಾಯಕತ್ವದ ಹಳೆಯ ಅಧ್ಯಯನಗಳನ್ನು ಜಾಲಾಡಿ, ಬರೀ ಗುಣಗಳಿಂದ ಯಾರೂ ನಾಯಕರಾಗಲ್ಲ, ಸಂದರ್ಭವೂ ಕೂಡಿಬರಬೇಕು ಅಂದಿದ್ದರು.

ಹೊಸ ಟೀಮ್ ಲೀಡ್: ಮೇಡಂ, ನನ್ನ ಕೈಕೆಳಗೆ ಒಂಬತ್ತು ಜನ. ಮೀಟಿಂಗಲ್ಲಿ ಯಾರೂ ಬಾಯಿ ಬಿಡಲ್ಲ. ನಾನು ರಜೆ ಹಾಕಿದರೆ ಕೆಲಸವೇ ನಿಲ್ಲುತ್ತೆ. ಇಬ್ಬರು ಕಾರಣ ಹೇಳದೆ ಬಿಟ್ಟು ಹೋದರು. ಇನ್ನೂ ಬಿಗಿ ಮಾಡಬೇಕಾ?

ಹುಡುಗ: ನಾಯಕರು ಹುಟ್ಟುತ್ತಾರಾ, ತಯಾರಾಗುತ್ತಾರಾ?

ಮನಶ್ಶಾಸ್ತ್ರಜ್ಞೆ: ಮೇಲೆ ಓದಿ.

ಟೀಮ್ ಲೀಡ್ ಅವರೇ, ಬಿಗಿ ಮಾಡಬೇಡಿ. ನಿಮ್ಮ ವಿಷಯ ನನಗೆ ಆತಂಕ ತರುತ್ತಿದೆ. 1939ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆವಿನ್, ಲಿಪಿಟ್, ವೈಟ್ ಎಂಬ ಮನಶ್ಶಾಸ್ತ್ರಜ್ಞರು ಹತ್ತು ವರ್ಷದ ಹುಡುಗರ ಗುಂಪುಗಳ ಮೇಲೆ ನಾಯಕತ್ವದ ಮೂರು ಶೈಲಿ ಪ್ರಯೋಗಿಸಿದರು. ಎಲ್ಲ ತಾನೇ ಹೇಳುವ ನಾಯಕ ಕೋಣೆಯಿಂದ ಹೊರಗೆ ಹೋದರೆ ಹುಡುಗರ ಕೈ ನಿಲ್ಲುತ್ತಿತ್ತು. ಕೂಡಿ ತೀರ್ಮಾನಿಸಿದ ಗುಂಪಿನಲ್ಲಿ ಕೆಲಸ ಹೆಚ್ಚುಕಮ್ಮಿ ಹಾಗೇ ಸಾಗುತ್ತಿತ್ತು. ನೀವು ರಜೆ ಹಾಕಿದ ದಿನ ಆಗುತ್ತಿರುವುದೂ ಇದೇ.

ಒಂದು ನೆನಪು ಮಾಡಿಕೊಳ್ಳಿ: ಕೊನೆಯ ಸಲ ಯಾರೋ ತಪ್ಪಾಗಿದೆ ಅಂತ ಬಂದಾಗ ನಿಮ್ಮ ಮೊದಲ ಮಾತು ಏನಿತ್ತು? "ಯಾರು ಮಾಡಿದ್ದು?" ಅಂತಿದ್ದರೆ ಮೌನ ಅಲ್ಲಿಂದಲೇ ಶುರು. ಮುಂದಿನ ಮೀಟಿಂಗಲ್ಲಿ ನೀವು ಕೊನೆಗೆ ಮಾತಾಡಿ. "ಈ ಯೋಜನೆ ಎಲ್ಲಿ ಕೆಡಬಹುದು?" ಅಂತ ಮಾತ್ರ ಕೇಳಿ, ಕಾಯಿರಿ. ಮೊದಲು ಬಾಯಿಬಿಟ್ಟವರ ಮಾತನ್ನು ಕತ್ತರಿಸಬೇಡಿ. ಒಂದು ನಿರ್ಧಾರ ಪೂರ್ತಿ ತಂಡದ ಕೈಗೇ ಕೊಡಿ. ಹಾಗಂತ ಎಲ್ಲವನ್ನೂ ಒಮ್ಮೆಲೇ ಕೈಬಿಡಬೇಡಿ. ಅದೇ ಪ್ರಯೋಗದಲ್ಲಿ ಹೇಳುವವರೇ ಇಲ್ಲದ ಗುಂಪಿನ ಕೆಲಸವೂ ಚೆನ್ನಾಗಿರಲಿಲ್ಲ.

ಸೂಪರ್‌ವೈಸರ್: ಫಾರ್ವರ್ಡ್ ಆಗಿ ಬಂದದ್ದು: "ವಾರಕ್ಕೊಬ್ಬರನ್ನು ಎಲ್ಲರೆದುರು ಗದರಿಸಿ, ಉಳಿದವರು ತಾನಾಗಿ ಸರಿಹೋಗುತ್ತಾರೆ. ಯಶಸ್ವಿ ನಾಯಕರ ಗುಟ್ಟು."

ಮನಶ್ಶಾಸ್ತ್ರಜ್ಞೆ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಗದರಿಸಿಕೊಂಡವರು ತಿದ್ದಿಕೊಳ್ಳಲ್ಲ, ತಪ್ಪು ಮುಚ್ಚಿಡುವುದನ್ನು ಕಲಿಯುತ್ತಾರೆ. ಯಾರು ಬರೆದದ್ದು ಅಂತಲೂ ಗೊತ್ತಿಲ್ಲದ್ದನ್ನು ಇಲ್ಲಿ ಹಾಕಬೇಡಿ.

ಸೂಪರ್‌ವೈಸರ್: ಬೆಂಕಿ ಬಿದ್ದಾಗ ಮೀಟಿಂಗ್ ಕರೆಯೋಕಾಗುತ್ತಾ? ಗಟ್ಟಿ ದನಿ ಬೇಕೇಬೇಕು.

ಶಿಕ್ಷಕಿ: ನಿಮ್ಮಲ್ಲಿ ದಿನಾ ಬೆಂಕಿ ಬೀಳುತ್ತಾ?

ಸೂಪರ್‌ವೈಸರ್: ಮೂವತ್ತು ಜನರನ್ನು ಒಂದು ಪಾಳಿ ನಡೆಸಿ ನೋಡಿ, ಆಮೇಲೆ ಮಾತಾಡಿ.

ಶಿಕ್ಷಕಿ: ನಲವತ್ತು ಮಕ್ಕಳನ್ನು ದಿನಾ ನಡೆಸ್ತೀನಿ. ಗದರಿಸದೆ.

ವಿದ್ಯಾರ್ಥಿ: ಮೇಡಂ, ನಾಯಕತ್ವದ ಬಗ್ಗೆ ಫೀಡ್ಲರ್ ಹೇಳಿದ ಸಿದ್ಧಾಂತದ ನೋಟ್ಸ್ ಇದೆಯಾ? ನಾಳೆ ಪರೀಕ್ಷೆ.

ಸೂಪರ್‌ವೈಸರ್: ಮಕ್ಕಳೂ ಕೆಲಸಗಾರರೂ ಒಂದೇನಾ?

ಮನಶ್ಶಾಸ್ತ್ರಜ್ಞೆ: ಇಬ್ಬರೂ ನಿಲ್ಲಿಸಿ. ಅಪಾಯದ ಹೊತ್ತಲ್ಲಿ ನೇರ ಆದೇಶ ಸರಿಯೇ. ಅಪಾಯ ಮುಗಿದ ಮೇಲೂ ಅದೇ ದನಿ ಇದ್ದರೆ ನಾನು ಒಪ್ಪಲ್ಲ.

ಇನ್ನೊಬ್ಬರು: ಲೀಡರ್ ಆಗೋಕೆ ಹುಟ್ಟುಗುಣ ಬೇಕಾ?

ಮನಶ್ಶಾಸ್ತ್ರಜ್ಞೆ: ಮೂರನೇ ಸಲ. ಇನ್ನು ಉತ್ತರಿಸಲ್ಲ.

ಹೊಸ ಟೀಮ್ ಲೀಡ್: ಮೇಡಂ, "ಯಾರು ಮಾಡಿದ್ದು?" ಅಂತಲೇ ಕೇಳಿದ್ದೆ. ಬಿಟ್ಟುಹೋದವರಲ್ಲಿ ಒಬ್ಬರನ್ನೇ.

ಮನಶ್ಶಾಸ್ತ್ರಜ್ಞೆ: ಅವರಿಗೆ ಇವತ್ತೇ ಫೋನ್ ಮಾಡಿ. ವಾಪಸ್ ಕರೆಯೋಕಲ್ಲ, ಕ್ಷಮೆ ಕೇಳೋಕೆ.